ಮೇಷ್ಟ್ರ ರೇಡಿಯೋ ಮತ್ತು ಅಯಾನು ಮಂಡಲ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಆಕಾಶ ಅಂದ್ರೆ ಅಡಿಕೆ ಮರದ ತುದಿ. ಅದರಾಚೆ ಬರೀ ಮೋಡ. ಅಂಥ ಊರಿನ ಮಕ್ಕಳಿಗೆ ವಾತಾವರಣದ ಪದರಗಳ ಪಾಠ ಹೇಳಬೇಕು. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಡುವ ಪಾಠ ಅದು. ನಮ್ಮ ವಿಜ್ಞಾನದ ಮೇಷ್ಟ್ರು ಮರೆಯಲು ಬಿಡಲಿಲ್ಲ.

1980ರ ದಶಕದಲ್ಲಿ ನಮ್ಮ ಹಾಸ್ಟೆಲಿನಲ್ಲಿದ್ದವರಿಗೆ ಅವರ ಟ್ರಾನ್ಸಿಸ್ಟರ್ ನೆನಪಿರಬೇಕು. ಚರ್ಮದ ಕವರು, ಅದಕ್ಕೊಂದು ರಬ್ಬರ್ ಬ್ಯಾಂಡು. ಸೆಲ್ಲು ಸೋತರೆ ಬಿಸಿಲಿಗೆ ಇಡೋಣ ಅಂದ್ರೆ ಬಿಸಿಲೆಲ್ಲಿ? ಅಡುಗೆ ಭಟ್ಟರನ್ನು ಕಾಡಿ ಒಲೆ ದಂಡೆ ಮೇಲೆ ಇಡುತ್ತಿದ್ದೆವು.

ಮಧ್ಯಾಹ್ನ ಮೀಡಿಯಂ ವೇವ್ ಹಾಕಿದರೆ ಭದ್ರಾವತಿ ಆಕಾಶವಾಣಿ ಬಿಟ್ಟು ಹೆಚ್ಚೇನೂ ಸಿಗುತ್ತಿರಲಿಲ್ಲ. ರಾತ್ರಿ ಊಟ ಮುಗಿಸಿ ಮುಳ್ಳು ತಿರುಗಿಸಿದರೆ ತಮಿಳು, ತೆಲುಗು, ಹಿಂದಿ, ಒಂದರ ಮೇಲೊಂದು. ಮೋಡ ಚೆದುರಿರಬೇಕು ಅಂತ ಕೆಲವರ ವಾದ. "ಹೊರಗೆ ನೋಡ್ರೋ" ಅಂದರು ಮೇಷ್ಟ್ರು. ಧೋ ಅಂತ ಸುರಿಯುತ್ತಿತ್ತು.

ಮೋಡದ ಆಟವೆಲ್ಲ ನಮ್ಮ ಕಡೆ 16-18 ಕಿ.ಮೀ. ಒಳಗೇ ಮುಗಿಯುತ್ತದೆ. ರೇಡಿಯೋದ ಸಮಾಚಾರ ಅದಕ್ಕಿಂತ ಬಹಳ ಮೇಲಿನದು. ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಹಗಲಿನ ಸೂರ್ಯಕಿರಣ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಹೀಗೆ ಎಲೆಕ್ಟ್ರಾನು ಕಳಚಿದ ಕಣಗಳಿರುವ ಭಾಗವೇ ಅಯಾನು ಮಂಡಲ, ಅದರ ಕೆಳಗಿನ ಪದರ ಡಿ. ರೇಡಿಯೋ ತರಂಗ ಬಂದು ಆ ಎಲೆಕ್ಟ್ರಾನುಗಳನ್ನು ಅಲುಗಾಡಿಸಿದರೆ ಅವು ಅಕ್ಕಪಕ್ಕದ ಕಣಗಳಿಗೆ ಡಿಕ್ಕಿ ಹೊಡೆಯುತ್ತವೆ. ಮೀಡಿಯಂ ವೇವಿನ ಶಕ್ತಿ ಅಲ್ಲೇ ಖರ್ಚು. ಸೂರ್ಯ ಮುಳುಗಿದ ಮೇಲೆ ಎಲೆಕ್ಟ್ರಾನುಗಳು ಬೇಗನೆ ಮತ್ತೆ ಕಣಗಳನ್ನು ಸೇರಿಕೊಳ್ಳುತ್ತವೆ, ಡಿ ಪದರ ಹೆಚ್ಚುಕಡಿಮೆ ಮಾಯ. ಆಗ ತರಂಗ ಇನ್ನೂ ಮೇಲಿನ ಇ, ಎಫ್ ಪದರಗಳ ತನಕ ಹೋಗಿ, ಬಾಗಿ, ನೂರಾರು ಕಿ.ಮೀ. ಆಚೆ ಇಳಿಯುತ್ತದೆ. ಭದ್ರಾವತಿ ಹತ್ತಿರದ್ದು, ನೆಲ ಹಿಡಿದೇ ಬರುತ್ತದೆ. ಅದಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ. ಸಿಡಿಲು ಹೊಡೆದಾಗ ಬರುವ ಗರಗರ ಮಾತ್ರ ಮಳೆಯದ್ದೇ ಅಂತ ಮೇಷ್ಟ್ರು ಒಪ್ಪಿದರು.

ಶಾರ್ಟ್‌ವೇವಿನಲ್ಲಿ ಶ್ರೀಲಂಕಾದ ಸಿಲೋನ್ ಸ್ಟೇಷನ್ ಹಿಡಿದರೆ ಹಾಡು ಒಮ್ಮೆ ಜೋರು, ಒಮ್ಮೆ ಸಣ್ಣ. "ಹಾಡುವವಳು ದೂರ ಹೋಗ್ತಿಲ್ಲ ಕಣ್ರೋ, ಮೇಲಿನ ಪದರ ಅಲ್ಲಾಡ್ತಿದೆ" ಅನ್ನುತ್ತಿದ್ದರು.

1901ರಲ್ಲಿ ಮಾರ್ಕೋನಿ ರೇಡಿಯೋ ಸಂಕೇತವನ್ನು ಅಟ್ಲಾಂಟಿಕ್ ದಾಟಿಸಿದ್ದು, ದುಂಡಗಿನ ಭೂಮಿಯಲ್ಲಿ ಅದು ಸಾಧ್ಯವಾಗಲು ಮೇಲೆ ತರಂಗ ಬಾಗಿಸುವ ಪದರ ಇರಬೇಕು ಅಂತ 1902ರಲ್ಲಿ ಕೆನೆಲಿ, ಹೆವಿಸೈಡ್ ಊಹಿಸಿದ್ದು, 1924ರಲ್ಲಿ ಆಪಲ್‌ಟನ್ ಪ್ರಯೋಗದಿಂದ ತೋರಿಸಿದ್ದು, ಎಲ್ಲವನ್ನೂ ಹೇಳುತ್ತಿದ್ದರು. ಆದರೆ ಅವರ ಮುಖ ಅರಳುತ್ತಿದ್ದದ್ದು ಕೇರಳದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದ ಮಾತು ಬಂದಾಗ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಪುಟ್ಟ ರಾಕೆಟ್ಟು ಮೇಲೆ ಸೋಡಿಯಂ ಆವಿ ಬಿಟ್ಟಿತು. ಅಲ್ಲಿನ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಆ ಬಣ್ಣದ ಜಾಡಿನಿಂದ ಅಳೆಯುವ ಉಪಾಯ. ಪಠ್ಯಪುಸ್ತಕ ಈ ಪಾಠವನ್ನು ಇಲ್ಲಿಂದಲೇ ಶುರು ಮಾಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎಫ್‌ಎಂನಲ್ಲಿ ಈ ಆಟ ನಡೆಯುವುದಿಲ್ಲ. ಆ ತರಂಗ ಸಾಮಾನ್ಯವಾಗಿ ಬಾಗದೆ ಅಯಾನು ಮಂಡಲ ದಾಟಿ ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಮೀಡಿಯಂ ವೇವ್ ಇರುವ ಸೆಟ್ಟೊಂದನ್ನು ಶಾಲೆಯ ಲ್ಯಾಬಿಗೆ ಕಳಿಸುತ್ತಿದ್ದೇನೆ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಸಿಕ್ಕ ಸ್ಟೇಷನ್‌ಗಳನ್ನು ಮಕ್ಕಳು ಬರೆದಿಡಲಿ. ಎಲ್‌ಇಡಿ ಬಲ್ಬಿನ ಹತ್ತಿರ ಮಾತ್ರ ಇಡಬೇಡಿ, ಬರೀ ಗೊರಗೊರ ಕೇಳಿಸುತ್ತದೆ.