ಗುಂಡಿ ನಾಟಕ: ಆರನೇ ಭಾನುವಾರದವರೆಗೆ

ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದರ ಬಗ್ಗೆ ನಮ್ಮ ತಂಡ ಆಡುವ ನಾಟಕಕ್ಕೆ ಹಿಂದಿನ ಸಲ ಬರೆದಾಗ ಕೊನೆ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ, ಕೆಟ್ಟ ಕೊನೆ. ಮನೆಯೊಂದರ ಮಲದ ಗುಂಡಿ ತುಂಬಿದೆ, ಹಬ್ಬಕ್ಕೆ ನೆಂಟರು ಬರುವವರಿದ್ದಾರೆ, ಗುಂಡಿಯನ್ನು ಯಂತ್ರದಿಂದ ಹೀರಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ನಾಳೆ ಬರುತ್ತದಂತೆ. ಮೇಸ್ತ್ರಿ ಒಬ್ಬನನ್ನು ಕರೆತಂದು, ಕ್ವಾರ್ಟರ್ ಕುಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಾನೆ. ಎಳೆದರೆ ಒಳಗಿಂದ ಸದ್ದಿಲ್ಲ.

ಆಮೇಲೆ ಅದೇ ನಾಟಕ ಮೊದಲಿಂದ. ಈ ಸಲ ನೋಡುವವರು ಯಾರಾದರೂ ‘ನಿಲ್ಸಿ’ ಅಂತ ಕೂಗಿ, ಒಳಗೆ ಬಂದು ಕೆಲಸದವನ ಪಾತ್ರ ಆಡಬಹುದು. ಬ್ರೆಜಿಲಿನ ರಂಗನಿರ್ದೇಶಕ ಅಗಸ್ಟೋ ಬೋಲ್ ಕಟ್ಟಿದ ಫೋರಂ ಥಿಯೇಟರ್ ಇದು. 1973ರಲ್ಲಿ ಅವರು ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿದ್ದಾಗ, ನಟರು ಎಷ್ಟು ಸಲ ಆಡಿದರೂ ‘ನಾನು ಹೇಳಿದ್ದು ಹಾಗಲ್ಲ’ ಎನ್ನುತ್ತಿದ್ದ ಹೆಂಗಸೊಬ್ಬಳು ಕೊನೆಗೆ ತಾನೇ ರಂಗ ಹತ್ತಿದಳಂತೆ. ಜನರಿಗೂ ಆಟಕ್ಕೂ ನಡುವೆ ನಿಲ್ಲುವವರನ್ನು ಬೋಲ್ ಜೋಕರ್ ಎಂದರು. ನಾವು ಸಾರಥಿ ಎನ್ನುತ್ತೇವೆ. ಬಂದ ಪಾತ್ರವನ್ನೆಲ್ಲ ಮಾತಾಡಿಸುವ ಮೂಡಲಪಾಯ ಯಕ್ಷಗಾನದ ಸಾರಥಿ ಇರುವಾಗ ಬೇರೆ ಹೆಸರು ಯಾಕೆ?

ರಟ್ಟಿನ ಮುಚ್ಚಳ ಬಿಟ್ಟು ನಿಜವಾದ ಚಪ್ಪಡಿ ಕಲ್ಲು ತಂದೆವು. ಹಾರೆ ಕೊಟ್ಟು ಮೀಟಿದಾಗ ಕಲ್ಲು ಕರ್‍ರ್ ಅನ್ನುತ್ತದೆ, ಗಲಾಟೆ ಮಾಡುವ ಮಕ್ಕಳೂ ಸುಮ್ಮನಾಗುತ್ತಾರೆ. ಅಲ್ಲಿದ್ದ ತಮಟೆ ತೆಗೆದುಬಿಟ್ಟೆವು.

ಮೊದಲ ಪ್ರಯೋಗ ಪಾರ್ಕಿನ ಪಕ್ಕ. ಕಾಲೇಜು ಹುಡುಗನೊಬ್ಬ ಬಂದು ‘ನಾನು ಇಳಿಯಲ್ಲ, ಹೀಗೆ ಗುಂಡಿಗೆ ಇಳಿಸ್ಬಾರ್ದು ಅಂತ 2013ರ ಕಾಯ್ದೆ ಇದೆ’ ಅಂದ. ನಮ್ಮ ಮೇಸ್ತ್ರಿ, ‘ಬಿಡಪ್ಪ, ಇನ್ನೊಬ್ಬ ಬರ್ತಾನೆ’ ಅಂದ. ಹುಡುಗನಿಗೆ ಮುಂದೆ ಮಾತು ಹೊರಡಲಿಲ್ಲ. ಹಿಂದೆ ನಿಂತಿದ್ದ ಪೌರಕಾರ್ಮಿಕ ಅಕ್ಕ ಕೇಳಿದರು: ‘ಇಳಿಯಲ್ಲ ಅಂತ ಅವನೇ ಯಾಕೆ ಹೇಳ್ಬೇಕು? ಹೊಟ್ಟೆಪಾಡು ಅವಂದು. ಕರೆಯೋರ್ನ ಕೇಳಿ.’

ಈ ಮಾತು ವಾರವಿಡೀ ತಲೆ ಬಿಟ್ಟು ಹೋಗಲಿಲ್ಲ. ದಬ್ಬಾಳಿಕೆಗೆ ಸಿಕ್ಕವರ ಜಾಗಕ್ಕೆ ಮಾತ್ರ ಜನ ಬರಬೇಕು, ದಬ್ಬಾಳಿಕೆ ಮಾಡುವವನು ದಿಢೀರನೆ ಒಳ್ಳೆಯವನಾದರೆ ಅದು ಮಾಯಾಜಾಲ ಅಂತ ಬೋಲ್ ಎಚ್ಚರಿಸಿದ್ದು ಸರಿಯೇ. ಆದರೆ ನಮ್ಮ ಎದುರು ಕೂರುವವರಲ್ಲಿ ಹೆಚ್ಚಿನವರು ಗುಂಡಿ ಇರುವ ಮನೆಯವರು. ಅದಕ್ಕೆ ಕಾಂಪೌಂಡ್ ಆಚೆಯಿಂದ ಎಲ್ಲ ನೋಡಿಯೂ ಬಾಯಿ ಬಿಡದ ಪಕ್ಕದ ಮನೆಯವರ ಪಾತ್ರವೊಂದನ್ನು ಸೇರಿಸಿದೆವು. ಆ ಜಾಗಕ್ಕೂ ಜನ ಬರಬಹುದು.

ಮೊನ್ನೆ ಭಾನುವಾರ ಒಬ್ಬರು ಅಜ್ಜಿ ‘ನಿಲ್ಸ್ರೋ’ ಅಂತ ಎದ್ದರು. ನೇರ ಬಂದು ಚಪ್ಪಡಿ ಮೇಲೆ ಕೂತೇಬಿಟ್ಟರು. ‘ಗಾಡಿ ಬರೋವರ್ಗೂ ಏಳಲ್ಲ. ನೆಂಟರಿಗೆ ನಮ್ಮನೆ ಬಚ್ಚಲು ತೋರ್ಸು.’ ಹಾರೆ ಹಿಡಿದ ಮೇಸ್ತ್ರಿ ನಿಂತಲ್ಲೇ ನಿಂತ. ಮನೆಯ ಯಜಮಾನನ ಪಾತ್ರಧಾರಿ ನಿಜಕ್ಕೂ ಜೇಬಿನಿಂದ ಫೋನ್ ತೆಗೆದ.

ಆಗ ಸಾರಥಿ ಕಾಯ್ದೆಯ ಸಾಲು ಓದಿದಳು: ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸಿದರೆ, ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಪ್ರಯೋಗದಲ್ಲಿ ಆರಂಭಕ್ಕೇ ಓದಿದ್ದಾಗ ಯಾರೂ ಕಿವಿಗೊಟ್ಟಿರಲಿಲ್ಲ.

ಮುಂದಿನ ವಾರದ ಕೆಲಸ: ಒಳಚರಂಡಿ ಸಾವಿಗೆ ಪರಿಹಾರ 30 ಲಕ್ಷಕ್ಕಿಂತ ಕಡಿಮೆ ಇರಕೂಡದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಸತ್ತವನ ಹೆಂಡತಿಯ ಬಾಯಲ್ಲಿ ಹೇಗೆ ತರುವುದು ಅಂತ ನೋಡಬೇಕು. ನೋಡುವವರಿಗೆ ಹಂಚುವ, ಸಕ್ಕಿಂಗ್ ಗಾಡಿಯ ನಂಬರ್ ಬರೆದ ಚೀಟಿ ಈ ಸಲ ಸಾಲಲಿಲ್ಲ, ಇನ್ನಷ್ಟು ಜೆರಾಕ್ಸ್ ಮಾಡಿಸಬೇಕು.