ಅದು ನಡೆದದ್ದು ಯಾವತ್ತು?

"ಕಾನೂನು ಬದಲಾಗಿದೆಯಂತೆ, ಹೌದಾ ಮೇಡಂ?" ಅಂತ ಕೇಳಿಕೊಂಡು ಬರುವವರು ಈಚೆಗೆ ಜಾಸ್ತಿ. ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವ ನಾನು ಮೊದಲು ಕೇಳುವುದು ಒಂದೇ: ಅದು ನಡೆದದ್ದು ಯಾವತ್ತು?

ಹೆಣ್ಣುಮಕ್ಕಳ ಪಾಲಿನ ವಿಷಯ ತಗೊಳ್ಳಿ. ಮೊನ್ನೆ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ವಂಶವೃಕ್ಷ ಸುತ್ತಿಕೊಂಡು ಬಂದಿದ್ದರು. ಅಪ್ಪ 2003ರಲ್ಲೇ ತೀರಿಕೊಂಡಿದ್ದಾರೆ. "ಕಾನೂನು ಬಂದಿದ್ದೇ 2005ರಲ್ಲಿ, ನಿನಗೆಲ್ಲಿಯ ಪಾಲು? ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಡ್ತೀವಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು" ಅಂದರಂತೆ ಅಣ್ಣಂದಿರು.

ಈ ಮಾತು ಸರಿಯಲ್ಲ. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಇದನ್ನು ಬಿಡಿಸಿ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಮಗಳು ಬದುಕಿದ್ದರೆ ಸಾಕು, ಅಪ್ಪ ಇರಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. ಮದುವೆಯಾದವಳಿಗೆ ಪಾಲಿಲ್ಲ ಅನ್ನುವ ಮಾತು ಊರುಗಳಲ್ಲಿ ಇವತ್ತಿಗೂ ಓಡಾಡುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

2005ರ ತಿದ್ದುಪಡಿಯಲ್ಲಿ ಇನ್ನೊಂದು ತಾರೀಖು ಇದೆ, 2004ರ ಡಿಸೆಂಬರ್ 20. ಅದಕ್ಕೂ ಮೊದಲೇ ನಿಜವಾಗಿ ಭಾಗ ಆಗಿದ್ದರೆ ಅದನ್ನು ಕೆದಕುವಂತಿಲ್ಲ. ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ಹಠಾತ್ತನೆ ಒಂದು ಹಳೇ ಪಾಲುಪಟ್ಟಿ ಹೊರಬರುತ್ತದೆ. ಈಕೆಯ ಅಣ್ಣಂದಿರು ತೋರಿಸಿದ್ದೂ ಅಂಥದ್ದೇ. ಬಿಳಿ ಹಾಳೆ, 2001ರ ತಾರೀಖು, ರಿಜಿಸ್ಟರ್ ಆಗಿಲ್ಲ. ಹಾಳೆ ತೋರಿಸಿದ ಮಾತ್ರಕ್ಕೆ ಕೋರ್ಟು ಒಪ್ಪುವುದಿಲ್ಲ. ಆಗಿನಿಂದಲೇ ಖಾತೆ ಬೇರೆಯಾಗಿತ್ತಾ, ಕಂದಾಯ ಬೇರೆಬೇರೆ ಕಟ್ಟಿದ್ದಾರಾ ಅಂತ ಸರ್ಕಾರಿ ದಾಖಲೆ ಕೇಳುತ್ತದೆ. ಪಹಣಿ ನೋಡಿದರೆ ಇವತ್ತಿಗೂ ಜಮೀನು ಅಪ್ಪನ ಹೆಸರಿನಲ್ಲೇ ಇದೆ! ಸಹಿ ಹಾಕಬೇಡಿ ಅಂದೆ.

ಕ್ರಿಮಿನಲ್ ವಿಷಯಕ್ಕೂ ತಾರೀಖೇ ಮುಖ್ಯ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಜನ ಈಗಲೂ "420 ಹಾಕ್ಸಿ" ಅಂತಾರೆ, ಅದೀಗ 318ನೇ ಕಲಮಿನಲ್ಲಿದೆ. ಆದರೆ ಮೋಸ ನಡೆದದ್ದು 2024ರ ಜೂನ್‌ನಲ್ಲಾದರೆ, ದೂರು ಆಮೇಲೆ ಕೊಟ್ಟರೂ ಅಪರಾಧಕ್ಕೆ ಹಳೇ 420ನೇ ಕಲಮೇ.

ಎಲ್ಲರಿಗೂ ತಟ್ಟುವ ಬದಲಾವಣೆ ಮಾತ್ರ ಸಾಕ್ಷ್ಯದ ಕಾನೂನಿನಲ್ಲಿದೆ. ಸಾಲ ಕೊಟ್ಟವರು ವಾಟ್ಸಾಪ್ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿಕೊಂಡು ಬರುತ್ತಾರೆ. ಬರೀ ಪ್ರಿಂಟ್ ಸಾಲದು. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ದಾಖಲೆ ಹಾಜರುಪಡಿಸುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲು ತಿದ್ದಿಲ್ಲ ಅಂತ ತೋರಿಸುವ ಗುರುತಿನ ಸಂಕೇತವನ್ನೂ, ಬರೆಯಬೇಕು. ಹಳ್ಳಿಯಿಂದ ಬಂದವರು ಈ ತಜ್ಞರನ್ನು ಎಲ್ಲಿಂದ ಹುಡುಕಬೇಕು? ಇದು ನನಗೆ ನಿಜವಾಗಿಯೂ ಚಿಂತೆಯ ವಿಷಯ. ಕೇಸು ಮುಗಿಯುವ ತನಕ ಆ ಫೋನು ಮಾರಬೇಡಿ, ಮೆಸೇಜು ಅಳಿಸಬೇಡಿ.

ಚೆಕ್ ಬೌನ್ಸ್ ಲೆಕ್ಕ ಹಳೆಯದೇ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್. ಅದು ತಲುಪಿದ ಮೇಲೆ ದುಡ್ಡು ಕಟ್ಟಲು ಅವರಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ನೋಟಿಸ್ ಕಳಿಸಿದ ಅಂಚೆ ರಸೀದಿ ಜೋಪಾನ.

ಆ ಅಕ್ಕ ಈಗ ವಿಭಾಗದ ದಾವೆ ಹಾಕಲು ಮನಸ್ಸು ಮಾಡಿದ್ದಾರೆ. ಫೀಸಿನ ಚಿಂತೆ ಇತ್ತು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ ಅಂತ ತಿಳಿಸಿದೆ. ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥ ಅಕ್ಕತಂಗಿಯರಿದ್ದರೆ ಸಹಾಯವಾಣಿ ನಂಬರ್ 15100 ಕೊಡಿ.