ಹಳೇ ಗೇಮ್ ಇಟ್ಟುಕೊಳ್ಳಬೇಕಾ, ಮಾರಬೇಕಾ?

ನನ್ನ ಕಪಾಟು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇಷ್ಟೊಂದು ಹಳೇ ವಿಡಿಯೋ ಗೇಮ್ ಯಾಕೆ ಇಟ್ಟುಕೊಂಡಿದ್ದೀರಿ? ಆಡಿ ಮುಗಿದ ಮೇಲೆ ಮಾರಿಬಿಡಿ. ಬೇಕು ಅನಿಸಿದರೆ ಮತ್ತೆ ತಗೊಂಡರಾಯ್ತು ಅಲ್ವಾ?"

ಮಾರಬಹುದು. ನಾನೂ ಎಷ್ಟೋ ಮಾರಿದ್ದೇನೆ. ಆದರೆ ಮಾರುವ ಮುಂಚೆ ನಿಮ್ಮ ಸೇವ್, ಅಂದರೆ ನೀವು ಎಲ್ಲಿವರೆಗೆ ಆಡಿದ್ದೀರಿ ಅನ್ನುವ ದಾಖಲೆ, ಎಲ್ಲಿದೆ ಅಂತ ನೋಡಿಕೊಳ್ಳಿ. ಗೇಮ್ ಮತ್ತೆ ಸಿಗುತ್ತದೆ, ಸೇವ್ ಸಿಗುವುದಿಲ್ಲ.

ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 2ರ ಆಸೆಗೆ ನಾನು ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಮಾರಿದೆ. ಜೊತೆಗೆ ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು ಸಾಕುವ 'ಪೋಕೆಮಾನ್ ಗೋಲ್ಡ್' ಗೇಮ್‌ನ ಕಾರ್ಟ್ರಿಜ್, ಅಂದರೆ ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ, ಕೂಡ ಹೋಯಿತು. ಅದರಲ್ಲಿ ಸೇವ್‌ಗೆ ಇರುವುದು ಒಂದೇ ಜಾಗ. ನಾನೂ ತಮ್ಮನೂ ಸರದಿ ಹಾಕಿಕೊಂಡು ಅದೊಂದರಲ್ಲೇ ಆಡುತ್ತಿದ್ದೆವು. ಆ ಗೇಮ್‌ನಲ್ಲಿ ಹಗಲಿಗೆ ಕೆಲವು ಪೋಕೆಮಾನ್, ರಾತ್ರಿಗೆ ಬೇರೆ ಕೆಲವು. ಹಗಲು ಅವನದು, ರಾತ್ರಿ ನನ್ನದು. ಅವನು ತಾನು ಹಿಡಿದವಕ್ಕೆಲ್ಲ ನಮ್ಮ ಬೀದಿ ನಾಯಿಗಳ ಹೆಸರು ಇಟ್ಟಿದ್ದ.

ಎಷ್ಟೋ ವರ್ಷಗಳ ಮೇಲೆ ಅದೇ ಗೇಮ್ ಮತ್ತೆ ಕೊಂಡೆ. ಎರಡು ಗಂಟೆ ಆಡಿದೆ, ಸೇವ್ ಮಾಡಿದೆ, ಆಫ್ ಮಾಡಿದೆ. ಮತ್ತೆ ಆನ್ ಮಾಡಿದರೆ 'ಕಂಟಿನ್ಯೂ' ಅನ್ನುವ ಸಾಲೇ ಇಲ್ಲ. ಬರೀ 'ನ್ಯೂ ಗೇಮ್'.

ಕಾರ್ಟ್ರಿಜ್ ಬಿಚ್ಚಿದೆ. ಅದರ ಸ್ಕ್ರೂಗೆ ಮಾಮೂಲಿ ಸ್ಕ್ರೂಡ್ರೈವರ್ ಕೂರುವುದಿಲ್ಲ, 3.8 ಮಿಲಿಮೀಟರ್‌ನ ಬೇರೆಯದೇ ಬಿಟ್ ಬೇಕು. ಒಳಗೆ ನಾಣ್ಯದಂಥ ಒಂದು ಸಿಆರ್ 2025 ಬ್ಯಾಟರಿ, ಬೋರ್ಡ್‌ಗೆ ಬೆಸುಗೆ ಹಾಕಿ ಕೂರಿಸಿದ್ದು. ಸೇವ್ ಉಳಿಯುವುದು ಆ ಬ್ಯಾಟರಿಯ ದಯೆಯಿಂದ. ಈ ಗೇಮ್‌ನಲ್ಲಿ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರಕ್ಕೂ ಅದೇ ಬ್ಯಾಟರಿ. ಹಾಗಾಗಿ ಬೇಗ ಖಾಲಿಯಾಗುತ್ತದೆ.

ಆಗ ನನಗೆ ಹೊಳೆಯಿತು. ಮಾರದೇ ಡ್ರಾಯರ್‌ನಲ್ಲಿ ಇಟ್ಟಿದ್ದರೂ ತಮ್ಮನ ನಾಯಿಗಳು ಉಳಿಯುತ್ತಿರಲಿಲ್ಲ. ಸುಮ್ನೆ ಇಟ್ಟುಕೊಂಡರೆ ಸಾಲದು. ಕಾರ್ಟ್ರಿಜ್ ರೀಡರ್ ಅಂತ ಒಂದು ಸಣ್ಣ ಸಾಧನ ಬರುತ್ತದೆ. ಅದರಿಂದ ಸೇವ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬಹುದು. ಗೋಲ್ಡ್‌ನ ಸೇವ್ ಬರೀ 32 ಕಿಲೋಬೈಟ್. ಬ್ಯಾಟರಿ ಬದಲಿಸುವ ಮುಂಚೆಯೇ ಇಳಿಸಿ, ಹಳೇದನ್ನು ತೆಗೆದ ಕ್ಷಣ ಎಲ್ಲ ಅಳಿಸಿಹೋಗುತ್ತದೆ.

ಡಿಸ್ಕ್ ಗೇಮ್‌ಗಳದ್ದು ಅಷ್ಟು ಕಷ್ಟವಿಲ್ಲ. ಸೇವ್ ಮೆಮರಿ ಕಾರ್ಡ್‌ನಲ್ಲೋ ಗೇಮ್ ಆಡಿಸುವ ಯಂತ್ರದಲ್ಲೋ (ಕನ್ಸೋಲ್) ಇರುತ್ತದೆ. ಡಿಸ್ಕ್ ಮಾರಿ, ಕಾರ್ಡ್ ಮಾತ್ರ ಕೊಡಬೇಡಿ.

ಇನ್ನು ಡೌನ್‌ಲೋಡ್ ಗೇಮ್. ಅದನ್ನು ಮಾರುವ ಮಾತೇ ಇಲ್ಲ, ಮತ್ತೆ ಕೊಳ್ಳುವುದೂ ನಮ್ಮ ಕೈಲಿಲ್ಲ. ನಿಂಟೆಂಡೊ ಕಂಪನಿಯ ಗೇಮ್ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟ ನಿಂತಿತು. ಆನ್‌ಲೈನ್ ಇದ್ದರಷ್ಟೇ ನಡೆಯುತ್ತಿದ್ದ 'ದ ಕ್ರೂ' ಅನ್ನುವ ರೇಸಿಂಗ್ ಗೇಮ್‌ನ ಸರ್ವರ್ 2024ರ ಮಾರ್ಚ್ 31ಕ್ಕೆ ಬಂದ್ ಆಯಿತು. ಡಿಸ್ಕ್ ಕೈಯಲ್ಲಿದ್ದವರೂ ಆಮೇಲೆ ಆಡುವಂತಿರಲಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ಹೀಗೆ ಮಾಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಹಳೇ ಗೇಮ್‌ಗಳನ್ನು ಉಳಿಸಲು ಕೆಲಸ ಮಾಡುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಆಗ ಹೊಸದಾಗಿ ಮಾರಾಟಕ್ಕೇ ಇಲ್ಲ ಅಂತ ಅದರಲ್ಲಿದೆ. "ಬೇಕಾದಾಗ ತಗೊಂಡರಾಯ್ತು" ಅನ್ನುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು. ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕು. ಅಲ್ಲಿ ನಕಲಿಗಳೂ ಜಾಸ್ತಿ, ಅದರಲ್ಲೂ ಪೋಕೆಮಾನ್ ಕಾರ್ಟ್ರಿಜ್‌ಗಳದ್ದು. ಸಾಧ್ಯವಾದರೆ ಬಿಚ್ಚಿ ಬೋರ್ಡ್ ನೋಡಿಯೇ ದುಡ್ಡು ಕೊಡಿ.

ಹಾಗಾಗಿ ನಾನು ಒಬ್ಬನೇ ಆಡಿ ಮುಗಿಸಿದ, ಮತ್ತೆ ಮುಟ್ಟುವ ಮನಸ್ಸಿಲ್ಲದ ಡಿಸ್ಕ್‌ಗಳನ್ನು ಮಾರುತ್ತೇನೆ. ಇನ್ನೊಬ್ಬರು ಆಡಲಿ. ಯಾರ ಜೊತೆಗಾದರೂ ಕೂತು ಆಡಿದ್ದನ್ನು ಮಾತ್ರ ಮಾರುವುದಿಲ್ಲ.

ಗೋಲ್ಡ್‌ಗೆ ಹೊಸ ಬ್ಯಾಟರಿ ಹಾಕಿದೆ. ಕಳೆದ ಸಲ ತಮ್ಮ ಬಂದಾಗ ಇಬ್ಬರೂ ಮೊದಲಿಂದ ಶುರು ಮಾಡಿದೆವು. ಮೊದಲ ಪೋಕೆಮಾನ್‌ಗೆ ಹೆಸರಿಡುವ ಹೊತ್ತಿಗೆ ಆ ಕಪ್ಪು ನಾಯಿಯ ಹೆಸರು ಇಬ್ಬರ ಬಾಯಿಗೂ ಒಟ್ಟಿಗೇ ಬಂತು. ಎರಡನೆಯದಕ್ಕೆ ತುಂಬಾ ಹೊತ್ತು ಯೋಚಿಸಿದೆವು. ನೆನಪಾಗಲಿಲ್ಲ.